ಎಲ್ಲಿಗೆ ಎಂದು ಕೇಳಿದವರು

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ಕೇಳಿದರೆ ಹೋದ ಕೆಲಸ ಆಗುವುದಿಲ್ಲವಂತೆ. ಕಡಲಿಗೆ ಹೊರಟವರನ್ನಂತೂ ಕೇಳಲೇಬಾರದು. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಹೊರಟವರು ಅಲ್ಲೇ ಕುಳಿತು, ಸ್ವಲ್ಪ ಹೊತ್ತು ಬಿಟ್ಟು ಏಳಬೇಕು. ನನ್ನ ಅಮ್ಮ ಬ್ರಹ್ಮಾವರ ಪೇಟೆಗೆ ತರಕಾರಿ ತರಲು ಹೊರಟಾಗಲೂ ಈ ನಿಯಮ ಬಿಟ್ಟವಳಲ್ಲ. ಪಕ್ಕದ ಮನೆಯವರು ಕೇಳಿದರೆ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದಳು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. “ಕಂಡ್ಯಾ, ಕೇಂಡದ್ಕೆ ಬಸ್ ತಪ್ಪಿತ್” ಎನ್ನುತ್ತಿದ್ದಳು ಅವಳು. ಕೇಳಿದ್ದಕ್ಕಲ್ಲ, ಕುಳಿತದ್ದಕ್ಕೆ ತಪ್ಪಿತು ಎಂದು ನಾನು ನಗುತ್ತಿದ್ದೆ.

ನಾನು ಭೌತಶಾಸ್ತ್ರ ಓದಿದವಳು. ಇಂಥದ್ದನ್ನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಇದನ್ನು ಓದುವ ನೀವೂ ನಂಬಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಕುಂದಾಪುರ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಆ ವರ್ಷ ಸುತ್ತಲಿನ ಕೆಲವು ಶಾಲೆಗಳ ಆರು, ಏಳನೆಯ ತರಗತಿಯ ಮಕ್ಕಳಿಗೆ ನಾಯಕತ್ವ ಶಿಬಿರ ನಡೆಯಿತು. ಬೈಂದೂರಿನಿಂದಲೂ ಮಕ್ಕಳು ಬಂದಿದ್ದರು, ಬಾರ್ಕೂರಿನಿಂದಲೂ ಬಂದಿದ್ದರು. ಶಿಬಿರದ ಜಾಗ ಹೊಳೆಯ ಪಕ್ಕದ ಒಂದು ಹಳೆಯ ಶಾಲೆ. ತಂಡಗಳಿಗೆ ನೀವೇ ಹೆಸರಿಡಿ ಎಂದದ್ದಕ್ಕೆ ಮಕ್ಕಳು ನದಿಗಳ ಹೆಸರನ್ನೂ ಮಹಾಪುರುಷರ ಹೆಸರನ್ನೂ ಬಿಟ್ಟು ಮೀನಿನ ಹೆಸರಿಟ್ಟುಕೊಂಡರು. ಬಂಗುಡೆ, ಅಂಜಲ್, ಕಾಣೆ. ಸೋತ ತಂಡವನ್ನು ಹುರಿಯುವುದು ಎಂದು ಅವರವರೇ ತೀರ್ಮಾನಿಸಿದರು.

ನನಗೆ ವಹಿಸಿದ್ದು ಬಂಗುಡೆ ತಂಡ. ಅದರ ನಾಯಕಿ ದೀಕ್ಷಾ, ಮರವಂತೆಯ ಮೀನುಗಾರರ ಮನೆಯ ಹುಡುಗಿ. ತನ್ನ ಶಾಲೆಯ ಮಂತ್ರಿಮಂಡಲದಲ್ಲಿ ಮುಖ್ಯಮಂತ್ರಿ. ಸಪೂರ ದೇಹ, ಗಟ್ಟಿ ಗಂಟಲು. ಉತ್ತಮ ನಾಯಕಿಯ ಬಹುಮಾನ ತನಗೇ ಬರಬೇಕೆಂದು ಮೊದಲ ದಿನವೇ ಎಲ್ಲರೆದುರು ಹೇಳಿದ್ದಳು.

ಕೊನೆಯ ಸಂಜೆಯ ಸ್ಪರ್ಧೆ ಕಂಡಕ್ಟರ್ ಆಟ. ತಂಡದವರೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಲ್ಲಬೇಕು. ಅದು ಬಸ್ಸು. ಕಣ್ಣು ಬಿಟ್ಟಿರುವವನು ನಾಯಕ ಮಾತ್ರ. ಅವನು ನಮ್ಮೂರಿನ ಖಾಸಗಿ ಬಸ್ಸಿನ ಕಂಡಕ್ಟರನ ಹಾಗೆ ಸಾಲಿನ ಹಿಂದೆ ನಿಂತು ಸೀಟಿಯಲ್ಲೇ ಎಲ್ಲವನ್ನೂ ಹೇಳಬೇಕು. ಒಂದು ಸೀಟಿಗೆ ನಿಲ್ಲುವುದು, ಎರಡು ಸೀಟಿಗೆ ಹೊರಡುವುದು. ದಾರಿ ತಿರುಗುವಲ್ಲಿ ಕೊನೆಯವರ ಹೆಗಲು ತಟ್ಟಿದರೆ ಆ ತಟ್ಟು ಒಬ್ಬರಿಂದೊಬ್ಬರಿಗೆ ಮುಂದಕ್ಕೆ ಹೋಗುತ್ತದೆ. ಮಾತನಾಡಿದರೆ ಅಂಕ ಹೋಯಿತು.

ಶಾಲೆಯ ಅಂಗಳದಿಂದ ಹೊರಟು ಹೊಳೆಯ ಕಟ್ಟದ ಮೇಲೆ ನಡೆದು ಆಚೆ ತುದಿಯ ತೆಂಗಿನ ತೋಟ ಮುಟ್ಟಬೇಕಿತ್ತು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಮಣ್ಣಿನ ಕಟ್ಟ ಅದು. ಮೇಲೆ ಹುಲ್ಲು ಬೆಳೆದು ಬೈಕು ಹೋಗುವಷ್ಟು ಅಗಲವಿತ್ತು. ಆ ಊರಿನ ಮಕ್ಕಳು ದಿನವೂ ಶಾಲೆಗೆ ಬರುವ ದಾರಿ. ಬೆಳಿಗ್ಗೆ ನಾನೇ ಅದರ ಮೇಲೆ ಹೋಗಿ ಬಂದಿದ್ದೆ. ಏನೂ ಕಂಡಿರಲಿಲ್ಲ. ಕಾಣುವಂಥದ್ದು ಮೇಲೆ ಏನೂ ಇರಲೂ ಇಲ್ಲ.

ಬಂಗುಡೆಯವರ ಸರದಿ ಬಂದಾಗ ಕಡಲು ಉಬ್ಬಿ, ಹೊಳೆಯಲ್ಲಿ ಭರತ ತುಂಬಿ ನೀರು ಕಟ್ಟದ ಅಂಚಿಗೆ ಬಂದಿತ್ತು. ಎಲ್ಲರಿಗಿಂತ ಮುಂದೆ ಶಮಿತ್ ಎಂಬ ದಪ್ಪ ಹುಡುಗ ಇದ್ದ, ಅವನು ಬಸ್ಸಿನ ಡ್ರೈವರ್. ಸಾಲಿನ ಹಿಂದೆ ದೀಕ್ಷಾ. ಅವಳ ಹಿಂದೆ, ಕೈಗೆ ಸಿಗುವಷ್ಟು ಹತ್ತಿರ ನಾನು. ನಮ್ಮ ಹಿಂದೆ ಕಟ್ಟದ ಮೇಲೆ ಯಾರೂ ಇರಲಿಲ್ಲ. ಉಳಿದ ತಂಡಗಳೂ ಶಿಬಿರ ನಡೆಸುತ್ತಿದ್ದ ಸದಾಶಿವ ಮಾಷ್ಟ್ರೂ ಅಂಗಳದಲ್ಲೇ ಇದ್ದರು.

ಸಾಲು ಚೆನ್ನಾಗಿ ನಡೆಯುತ್ತಿತ್ತು. ಕಟ್ಟದ ಮಧ್ಯ ದಾಟಿದ ಮೇಲೆ ಇದ್ದಕ್ಕಿದ್ದಂತೆ ಶಮಿತ್ ನಿಂತ. ಅವನ ಹಿಂದಿನವರೂ ನಿಂತರು. ನೋಡನೋಡುತ್ತಿದ್ದಂತೆ ಅಷ್ಟೂ ಮಕ್ಕಳು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟರು. ದೀಕ್ಷಾ ಎರಡು ಸೀಟಿ ಊದಿದಳು. ಮತ್ತೆ ಊದಿದಳು. ಯಾರೂ ಏಳಲಿಲ್ಲ. ಅವಳು ನಿಯಮ ಮರೆತು ಬಾಯಿ ಬಿಟ್ಟಳು.

“ಹ್ವಾಯ್, ಎಂತಕ್ ಕೂತದ್? ಏಳಿ! ಅಂಜಲ್‌ನವ್ರ್ ಗೆಲ್ತ್ರ್ ಕಾಣಿ!”

“ಎಲ್ಲಿಗ್ ಹೊರ್ಟದ್ ಅಂದೇಳಿ ಕೇಂಡ್ರಲೆ” ಎಂದ ಶಮಿತ್, ಕಣ್ಣಿನ ಬಟ್ಟೆ ಬಿಚ್ಚದೆಯೇ. “ಒಂದ್ ಗಳ್ಗಿ ಕೂಕಂಡೇ ಹೋಯ್ಕ್.”

“ಯಾರ್ ಕೇಂಡದ್?”

“ನೀನೇ ಅಲ್ದಾ? ಹಿಂದಿಂದ ಕೇಂಡದ್.”

“ನನ್ ಬಾಯಗ್ ಸೀಟಿ ಇತ್ತ್ ಮರಾಯಾ!”

“ಹಾಂಗಾರ್ ಟೀಚರ್ ಕೇಂಡದ್.”

ನಾನು ಕೇಳಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಶಮಿತನ ಎದುರಿನ ಕಟ್ಟ ಹೊಳೆಗೆ ಜರಿಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆಯನ್ನು ನೀರಿಗೆ ಬಿಟ್ಟಂಥ ಸದ್ದು. ಹುಲ್ಲಿನ ಸಮೇತ ಮಣ್ಣು ಇಳಿದು ಹೋಯಿತು, ಆ ಜಾಗದಲ್ಲಿ ಕೆಂಪು ನೀರು ಸುತ್ತುತ್ತಾ ಗದ್ದೆಯ ಕಡೆ ಹರಿಯತೊಡಗಿತು. ಶಮಿತನ ಚಪ್ಪಲಿಯ ಮುಂದೆ ಒಂದು ಮೊಳ ಹುಲ್ಲು ಇತ್ತು. ಅದರಾಚೆ ಏನೂ ಇರಲಿಲ್ಲ.

ಮಕ್ಕಳಿಗೆ ಇದೊಂದೂ ಕಾಣುತ್ತಿರಲಿಲ್ಲ. ಅವರು ನಗುತ್ತಿದ್ದರು. ನನಗೆ ಹೆದರಿಕೆಯಾಗಲಿಲ್ಲ. ಆಗಬೇಕಿದ್ದದ್ದು ಆಗಲಿಲ್ಲ. “ಯಾರೂ ಕಣ್ಣಿನ ಬಟ್ಟೆ ಬಿಚ್ಚಬಾರದು, ಏಳಬಾರದು. ಬಸ್ಸು ಈಗ ರಿವರ್ಸ್. ಕುಳಿತಲ್ಲಿಂದಲೇ ಹಿಂದಕ್ಕೆ ಸರಿಯಿರಿ” ಎಂದೆ. ನನ್ನ ಸ್ವರ ಪಾಠ ಮಾಡುವ ಸ್ವರದಂತೆಯೇ ಇತ್ತು.

ದೀಕ್ಷಾ ನನ್ನ ಮುಖ ನೋಡಿದಳು. ನೀರು ನೋಡಿದಳು. ಆಮೇಲೆ ಸೀಟಿ ಬಾಯಿಗಿಟ್ಟು, ಕಂಡಕ್ಟರ್ ಬಸ್ಸನ್ನು ಹಿಂದಕ್ಕೆ ತರುವಾಗ ಊದುವ ಹಾಗೆ, ಬಿಟ್ಟು ಬಿಟ್ಟು ಊದತೊಡಗಿದಳು. ಒಂದೇ ಹದ. ನಡುನಡುವೆ “ಬರ್ಲಿ, ಬರ್ಲಿ, ಅಡ್ಡಿಲ್ಲೆ, ಬರ್ಲಿ” ಎನ್ನುತ್ತಿದ್ದಳು. ಮಕ್ಕಳು ಕುಂಡೆ ಎಳೆಯುತ್ತಾ ಹಿಂದೆ ಬಂದರು. “ಚಡ್ಡಿ ಹರಿತ್ತ್ ಟೀಚರ್!” ಎಂದು ಶಮಿತ್ ಕೂಗಿದ. ಎಲ್ಲರೂ ಮತ್ತೆ ನಕ್ಕರು. ಅಂಗಳಕ್ಕೆ ಬಂದು ಮುಟ್ಟುವವರೆಗೂ ಅವಳು ಊದುತ್ತಲೇ ಇದ್ದಳು. ಮುಟ್ಟಿದ ಮೇಲೂ ಊದುತ್ತಿದ್ದಳು. ಸೀಟಿಯನ್ನು ನಾನೇ ಅವಳ ಬಾಯಿಂದ ತೆಗೆಯಬೇಕಾಯಿತು.

ಅಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದೆ. ಎಲ್ಲರೂ ಕೇಳಿಸಿಕೊಂಡದ್ದು ಅದೇ ಮಾತು: ಹ್ವಾಯ್, ಎಲ್ಲಿಗ್ ಹೊರ್ಟದ್? ಎಲ್ಲರಿಗೂ ಹಿಂದಿನಿಂದಲೇ ಕೇಳಿಸಿದ್ದು. ಸ್ವರ ಮಾತ್ರ ಬೇರೆ ಬೇರೆ. ನಿಜವಾಗಿ ಅದು ತನ್ನ ಅಜ್ಜಿಯ ಸ್ವರದ ಹಾಗೆಯೇ ಇತ್ತು ಎಂದು ಆಮೇಲೆ ಶಮಿತ್ ಹೇಳಿದ. ಬಾರ್ಕೂರಿನ ಒಬ್ಬಳು ತನ್ನ ಅಪ್ಪಯ್ಯನದ್ದು ಎಂದಳು. ಇನ್ನೊಬ್ಬ ತಮ್ಮೂರಿನ ಬಸ್ಸಿನ ಕಂಡಕ್ಟರನದ್ದು ಎಂದ. ಯಾರೂ ಇದನ್ನು ವಿಚಿತ್ರವೆಂದು ಹೇಳಲಿಲ್ಲ. ಯಾರೋ ಕೇಳಿದರು, ಕುಳಿತೆವು. ಅವರಿಗೆ ಅದು ಅಷ್ಟೇ.

“ಆಚೆ ದಡದಗೆ ಚಿಪ್ ಹೆಕ್ಕುವರ್ ಇರ್ತ್ರ್, ಅವ್ರ್ ಕೂಗಿರ್ಕ್” ಎಂದರು ಸದಾಶಿವ ಮಾಷ್ಟ್ರು. ಚಿಪ್ಪು ಹೆಕ್ಕುವುದು ನೀರು ಇಳಿದಾಗ, ಭರತದ ನೀರಿನಲ್ಲಿ ಯಾರೂ ಹೆಕ್ಕುವುದಿಲ್ಲ. ಒಬ್ಬನಿಗೆ ಕೇಳಿದಂತಾಗಿ ಉಳಿದವರು ಅವನನ್ನು ಅನುಸರಿಸಿರಬಹುದು. ಹಿಂದಿನಿಂದ ಮುಂದಕ್ಕೆ ತಟ್ಟು ಹೋಗುವ ಹಾಗೆ ಮುಂದಿನಿಂದ ಹಿಂದಕ್ಕೆ ಒಂದು ಭ್ರಮೆ ಹೋಗಿರಬಹುದು. ಇವನ್ನೆಲ್ಲ ನಾನು ಯೋಚಿಸಿದ್ದೇನೆ. ಕಟ್ಟದ ಅಡಿಯಲ್ಲಿ ಏಡಿ ಬಿಲ ತೋಡಿ ಟೊಳ್ಳಾಗಿತ್ತು ಎಂದು ಆಮೇಲೆ ನೋಡಲು ಬಂದವರು ಹೇಳಿದರು. ಕಟ್ಟ ಯಾಕೆ ಜರಿಯಿತು ಎನ್ನುವುದಕ್ಕೆ ಅದು ಉತ್ತರ. ನನಗೆ ಬೇಕಾದ್ದು ಅದಲ್ಲ.

ಮರುದಿನ ಬಹುಮಾನ ದೀಕ್ಷಾಳಿಗೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತೆಗೆದುಕೊಂಡು ಬಂದು ಚೀಲಕ್ಕೆ ತುರುಕಿದಳು. ಮಧ್ಯಾಹ್ನ ಮಕ್ಕಳನ್ನು ಬಸ್ಸು ಹತ್ತಿಸಲು ಹೋದಾಗ ನನ್ನ ಪಕ್ಕಕ್ಕೆ ಬಂದು ನಿಂತಳು.

“ಟೀಚರ್, ನಾನ್ ಎಲ್ರ ಹಿಂದೆ ಇದ್ದದ್ ಅಲ್ದಾ?”

“ಹೌದು.”

“ಹಿಂದಿಂದ ಕೇಂಡದ್ ಅಂತ್ರ್ ಎಲ್ಲಾರು. ಹಾಂಗಾರೆ ನಂಗೇ ಮೊದ್ಲ್ ಕೇಣ್ಕಿತ್ತ್ ಅಲ್ದಾ? ನಂಗ್ ಎಂತಕ್ ಕೇಣ್ಲಿಲ್ಲ?”

ನನಗೂ ಕೇಳಿಸಲಿಲ್ಲ ಎಂದು ಹೇಳಿದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಬಸ್ಸು ಬಂತು, ಅವಳು ಹತ್ತಿದಳು, ಕಂಡಕ್ಟರ್ ಎರಡು ಸೀಟಿ ಊದಿದ. ಅವಳು ಕಿವಿ ಮುಚ್ಚಿಕೊಂಡದ್ದು ಕಿಟಕಿಯಲ್ಲಿ ಕಾಣಿಸಿತು.

ಈಗ ನಾನು ಬೇರೆ ಶಾಲೆಯಲ್ಲಿದ್ದೇನೆ. ದಿನವೂ ಬೆಳಿಗ್ಗೆ ಮನೆಯಿಂದ ಹೊರಡುತ್ತೇನೆ. ಗೇಟು ದಾಟುವ ಮೊದಲು ಕಾಲು ತಾನಾಗಿ ನಿಧಾನವಾಗುತ್ತದೆ. ಹಿಂದಿನಿಂದ ಯಾರಾದರೂ ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಮ್ಮ ಬಾಗಿಲಲ್ಲೇ ಇರುತ್ತಾಳೆ, ಪಕ್ಕದ ಮನೆಯವರು ಅಂಗಳ ಗುಡಿಸುತ್ತಿರುತ್ತಾರೆ. ಯಾರೂ ಕೇಳುವುದಿಲ್ಲ. ಹೊರಟವರನ್ನು ನಮ್ಮ ಕಡೆ ಹಾಗೆ ಕೇಳುವುದಿಲ್ಲ.