ಕಾರ್ಬುರೇಟರ್ ಊದುವವರು ಯಾರು

ಯುದ್ಧದ ಕಾಲ, ಪೆಟ್ರೋಲು ರೇಶನ್ನಿನ ಮ್ಯಾಲೆ ಸಿಗತಿತ್ತು. ಗಬ್ಬೂರಾಗ ನನ್ನ ತಂಗಿ ಹೆರಿಗಿ ಬ್ಯಾನಿ ತಿನ್ನಾಕತ್ತಿದ್ದಳು. ಹುಬ್ಬಳ್ಳಿಯಿಂದ ಸೂಲಗಿತ್ತಿ ಕಾಶವ್ವನ್ನ ಕರಕೊಂಡು ಹೊಂಟಿದ್ದೆ. ದುರ್ಗದಬೈಲ್ ದಾಟೂದರಾಗ ನನ್ನ ಹಳೇ ಮೋಟರ್‌ಸೈಕಲ್ಲಿನ ಕಾರ್ಬುರೇಟರ್ ಸೋರಾಕ ಹತ್ತಿತು.

ಅಲ್ಲೇ ಇದ್ದ ಮಿಸ್ತ್ರಿ ಇಮಾಮ್ ಕಾಕಾ ಅದನ್ನ ಬಿಚ್ಚಿ ನೋಡಿದರು.

"ಪೆಟ್ರೋಲ್ ಬರೂ ತೂತಿನ್ಯಾಗ ಕಸಾ ಕುಂತೈತ್ರಿ, ಅದು ಮುಚ್ಚವಲ್ದು. ಗಾಳಿ ಪಂಪ ಮುರದೈತಿ, ಬಾಯಿಲೇ ಊದಬೇಕು. ನಂದು ರಂಜಾನಿನ ರೋಜಾ ಐತಿ, ಪೆಟ್ರೋಲ್ ಗಂಟಲಕ್ಕ ಇಳದರ ಮುರೀತೈತಿ. ನೀವ ಊದ್ರಿ."

"ನಂದೂ ಶ್ರಾವಣ ಸೋಮವಾರ ರೀ ಕಾಕಾ. ಸಂಜಿತನಕ ಬಾಯಾಗ ನೀರೂ ಹಾಕೂದಿಲ್ಲ."

ನಿಮ್ಮ ನೇಮ ಮುರೀರಿ ಅಂತ ಒಬ್ಬರಿಗೊಬ್ಬರು ಹ್ಯಾಂಗ ಹೇಳೂದು?

ಕಾಶವ್ವ ಕೈ ಚಾಚಿದಳು. "ತರ್ರಿ ಇಲ್ಲಿ. ಅಲ್ಲಿ ಅಕೀ ಕಾಯಾಕತ್ತಾಳ."

ಸೆರಗಿಲೆ ಒರಸಿ, ಕಣ್ಣು ಮುಚ್ಚಿ ಊದಿದಳು. ಕಸಾ ಹಾರಿತು, ಸೋರೂದು ನಿಂತಿತು.

ಸಂಜಿಮುಂದ ತಂಗಿ ಗಂಡಮಗನ್ನ ಹಡದಳು. ನಾನು ಒಪ್ಪತ್ತು ಬಿಡಾಕ ಎಲಿ ಮುಂದ ಕುಂತಾಗ ಕಾಶವ್ವ ಹಿತ್ತಲದಾಗ ಇನ್ನೂ ಬಾಯಿ ಮುಕ್ಕಳಸಾಕತ್ತಿದ್ದಳು. ಮುಂಜಾನಿಂದ ನಾನು ಕರಿಯಾಕ ಹೋಗೂತನಕ ಮತ್ತೊಂದು ಹೆರಿಗಿ ಮನ್ಯಾಗ ಇದ್ದಾಕಿ, ಅಕೀನೂ ಏನೂ ತಿಂದಿದ್ದಿಲ್ಲ. ಅದನ್ನ ಯಾರೂ ಉಪವಾಸ ಅನ್ನಲಿಲ್ಲ.