ಜಲಜನಕದ ಹಡಗಿಗೊಂದು ಪೊರಕೆ

ನಮ್ಮೂರು ಹೆಡತಲೆಯಿಂದ ಬೆಳಗಿನ ಬಸ್ಸು ಹತ್ತಿದೆ. ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಆಧಾರ್ ಕಾರ್ಡು ತೋರಿಸಿದೆ. ಚೀಲದಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಟಿ. ನರಸೀಪುರದ ಮಗಳ ಮನೆಗೆ ಮೊಮ್ಮಗಳು ಗೌರಿ ರಜೆಗೆ ಬಂದಿದ್ದಳು. ಅವಳು ಹಡಗು ಕಟ್ಟುವ ಕಡೆ ಎಂಜಿನಿಯರು. ಜಲಜನಕದಿಂದ ಸರಕಿನ ಹಡಗು ಓಡಿಸಲು ಆಗುತ್ತದೋ ಇಲ್ಲವೋ ನೋಡುವ ಕೆಲಸಕ್ಕೆ ಅವಳನ್ನು ಹಾಕಿದ್ದರು. ಆ ಸಂಜೆಯೇ ವಾಪಸ್ಸು ಹೊರಡುವವಳಿದ್ದಳು. ಜಲ ಅಂದರೆ ನೀರು ತಾನೇ? ನೀರಿನ ಮೇಲೆ ಹೋಗುವ ಹಡಗಿಗೆ ನೀರೇ ಎಣ್ಣೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.

ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿದೆ. ಬಿಸಿಲು ಏರಿತ್ತು. ಫ್ಯಾಕ್ಟರಿ ಪಾಳಿ ಮುಗಿಸಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಳು. ಅವಳಿಗೂ ಹೇಳಿದೆ. ಅವಳು ನಕ್ಕಳು.

“ನೀರಲ್ಲ ಕಣಜ್ಜಿ, ಗ್ಯಾಸು. ನಮ್ ಫ್ಯಾಕ್ಟ್ರಿಲೂ ಅದೆ. ಅದ್ರ ತಾವ ಬೀಡಿ ಇರ್ಲಿ, ಮೊಬೈಲೂ ತರಂಗಿಲ್ಲ.”

ಆಮೇಲೆ ದಾರಿಯಲ್ಲಿ ಏನಿತ್ತು ಎಂದು ಕೇಳಬೇಡಿ. ಕಪಿಲೆ ಹೊಳೆ ನೋಡಲಿಲ್ಲ, ಗದ್ದೆ ನೋಡಲಿಲ್ಲ. ಗ್ಯಾಸು ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಯಾರೇ ಹೊಸ ಸಿಲಿಂಡರು ಹಾಕಿದರೂ ನನ್ನನ್ನೇ ಕರೆಯುತ್ತಾರೆ. ನಾನು ಮೂಸಿ ಹೂಂ ಎಂದ ಮೇಲೇ ಕಡ್ಡಿ ಗೀರುವುದು. ಗೌರಿಯನ್ನು ಹೋಗಲು ಬಿಡಬಾರದು ಎಂದುಕೊಂಡೇ ನರಸೀಪುರದಲ್ಲಿ ಇಳಿದೆ.

ಗೌರಿ ರೊಟ್ಟಿ ಮುರಿಯುವ ಮೊದಲೇ ಕೇಳಿದೆ.

“ಸೋರಿದ್ರೆ ವಾಸ್ನೆ ಬತ್ತದಾ?”

“ಇಲ್ಲ ಕಣಜ್ಜಿ.”

“ಹತ್ಕಂಡ್ರೆ?”

“ಹಗಲೊತ್ತು ಉರಿ ಕಾಣೋದೇ ಕಷ್ಟ. ಮಿಷನ್ ಕಂಡಿಡ್ದು ಕೂಗ್ಕತದೆ.”

“ಮಿಷನ್ ಕೆಟ್ರೆ?”

“ಇನ್ನೊಂದಿರ್ತದೆ.”

“ಅದೂ ಕೆಟ್ರೆ?”

“ನಮ್ ಸಾಹೇಬ್ರೂ ಇಷ್ಟು ಕೇಳ್ನಿಲ್ಲ ಕಣಜ್ಜಿ!” ಎಂದು ನಕ್ಕಳು. ನಾನು ನಗಲಿಲ್ಲ.

ಹಡಗು ಆಗುತ್ತದಾ ಎಂದೆ. ಹತ್ತಿರದ ಊರಿಗೆ ಆಗಬಹುದು, ದೂರದ ಕಡಲಿಗೆ ಗೊತ್ತಿಲ್ಲ ಎಂದಳು. ಆ ಗ್ಯಾಸನ್ನು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ ಮಾಡಿ ತುಂಬಬೇಕಂತೆ. ಆದರೂ ಡೀಸೆಲ್ಲಿಗಿಂತ ಬಲು ದೊಡ್ಡ ಟ್ಯಾಂಕು ಬೇಕಂತೆ.

“ಒಲೆನೇ ಮನೆ ತುಂಬ್ಕಂಡ್ರೆ ಮೂಟೆ ಎಲ್ಲಿಡ್ತೀಯೆ?”

“ಅದ್ನೇ ನೋಡಕ್ಕೆ ಓಯ್ತಿರೋದು. ಪರೀಕ್ಷೆಗೆ ಕಟ್ಟಿರೋದ್ರ ಒಳಗೆ ಯಾರಾದ್ರೂ ಇಳ್ದು ನೋಡ್ಲೇಬೇಕಲ್ಲ.”

“ನೀನೇ ಯಾಕೆ?”

“ಟ್ಯಾಂಕಿನ ಪೈಪು ಜೋಡ್ಸಿರೋದು ನಾನು. ನೀನು ಮೂಸ್ದಲೆ ಯಾರ ಕೈಲಾದ್ರೂ ಕಡ್ಡಿ ಗೀರಿಸ್ತೀಯಾ?”

ಹೋಗಬೇಡ ಎನ್ನುವುದನ್ನು ಬಿಟ್ಟು, ಅವಳ ರೊಟ್ಟಿಗೆ ಚಟ್ನಿ ಹಚ್ಚಿಕೊಟ್ಟೆ.

ಸಮಾಧಾನ ಮಾಡಲು ಅವಳೇ ಒಂದು ಹಳೆಯ ಸಂಗತಿ ಹೇಳಿದಳು. ಮಿಷನ್ನು ಇಲ್ಲದ ಕಾಲದಲ್ಲಿ ಈ ಗ್ಯಾಸಿನ ಕೆಲಸದವರು ಹುಲ್ಲಿನ ಪೊರಕೆಯನ್ನು ಮುಂದಕ್ಕೆ ಚಾಚಿಕೊಂಡು ನಡೆಯುತ್ತಿದ್ದರಂತೆ. ಪೊರಕೆ ಹತ್ತಿಕೊಂಡರೆ ಅಲ್ಲಿ ಉರಿಯಿದೆ ಎಂದು ತಿಳಿಯುತ್ತಿತ್ತಂತೆ. ಸಮಾಧಾನ ಆಗಲಿಲ್ಲ, ಭಯ ಹೆಚ್ಚಿತು.

ಸಂಜೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಹುಲ್ಲಿನ ಪೊರಕೆ ಕೊಂಡೆ. ಪ್ರಯಾಣ ಹೊರಟವರ ಎದುರಿಗೆ ನಮ್ಮಲ್ಲಿ ಪೊರಕೆ ತರುವುದಿಲ್ಲ. ಮಗಳು ಹಣೆ ಚಚ್ಚಿಕೊಂಡಳು.

“ಬುದ್ಧಿ ಅದಾ ನಿಂಗೆ? ಊರಿಗೆ ಒಂಟೋಳ ಕೈಗೆ ಪೊರ್ಕೆ ಕೊಡ್ತಾರಾ?”

ಗೌರಿ ಕೈ ಚಾಚಿ ಇಸಿದುಕೊಂಡಳು. ಮೈಸೂರಿನ ಬಸ್ಸು ತಿರುಗುವಾಗ ಪೊರಕೆಯ ತುದಿ ಕಿಟಕಿಯಿಂದ ಆಚೆ ಕಾಣುತ್ತಿತ್ತು. ಅಲ್ಲೇ ಹತ್ತಿಕೊಂಡೀತೇನೋ ಎಂಬಂತೆ, ಅದು ಮರೆಯಾಗುವವರೆಗೂ ನೋಡುತ್ತಾ ನಿಂತಿದ್ದೆ.