ನಾಲ್ಕು ಉಗುರಿನ ಉಂಗುರ

ಕಳೆದ ಭಾನುವಾರ ನೌಬಾದಿನ ನಮ್ಮ ಮನೆಯಲ್ಲಿ ಮೊಮ್ಮಗಳು ಅಂಟುವಾಳದ ಕಾಯಿ ನೆನೆಹಾಕಿದ್ದಳು. ಆ ವಾಸನೆ ಬಂದ ಕೂಡಲೇ ಓದುತ್ತಿದ್ದ ಪತ್ರಿಕೆ ಮಡಿಚಿಟ್ಟೆ. ನೊರೆನೀರಿನಲ್ಲಿ ಅವಳು ತೊಳೆಯುತ್ತಿದ್ದುದು ತೀರಿಹೋದ ತನ್ನ ಅಜ್ಜಿಯ ಉಂಗುರವನ್ನು. ಬರುವ ತಿಂಗಳು ತನ್ನ ನಿಶ್ಚಿತಾರ್ಥಕ್ಕೆ ಅದನ್ನೇ ಹಾಕಿಕೊಳ್ಳುವ ಆಸೆ ಅವಳಿಗೆ. ಭಾಲ್ಕಿಯಲ್ಲಿ ಒಡವೆ ಮಾಡುತ್ತಿದ್ದ ಪತ್ತಾರ ಕಾಕಾನ ಅಂಗಡಿಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು... ಅಂಟುವಾಳ, ಇದ್ದಿಲು, ಕಾದ ಬಂಗಾರ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಭಾಲ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮಠದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ಕಚೇರಿಗೆ ಒಂದು ದಿನವೂ ತಡವಾಗಿ ಹೋದವನಲ್ಲ. ಉರ್ದು ಕಡತಗಳು ಕನ್ನಡಕ್ಕೆ ತಿರುಗುತ್ತಿದ್ದ ಆ ದಿನಗಳಲ್ಲಿ ಬೆಂಗಳೂರಿನ ಕಡೆಯಿಂದ ಒಬ್ಬ ಮೇಲಧಿಕಾರಿ ಬಂದರು. ಅವರ ಬೆರಳಿನ ಉಂಗುರದಲ್ಲಿ ಕಲ್ಲು ಬಂಗಾರದೊಳಗೆ ಹುಗಿದಿರಲಿಲ್ಲ. ಬಂಗಾರದ ನಾಲ್ಕು ಸಣ್ಣ ಉಗುರುಗಳು ಅದನ್ನು ಮೇಲೆತ್ತಿ ಹಿಡಿದಿದ್ದವು. ಕೆಳಗಿನಿಂದಲೂ ಬೆಳಕು ಹೊಕ್ಕು ಕಲ್ಲು ದೀಪದಂತೆ ಕಾಣುತ್ತಿತ್ತು. ನನ್ನ ಮದುವೆ ಔರಾದ ಕಡೆಯ ಹುಡುಗಿಯೊಂದಿಗೆ ಗೊತ್ತಾಗಿತ್ತು. ಅವಳಿಗೂ ಅಂಥದೇ ಉಂಗುರ ತೊಡಿಸಬೇಕೆಂದು ಹಟ ಹಿಡಿದೆ.

ಅವ್ವನ ಹಳೆಯ ಓಲೆಯ ಕೆಂಪುಕಲ್ಲನ್ನು ಒಯ್ದು ಕಾಕಾನ ಮುಂದಿಟ್ಟು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಹುಡುಗಿ ರೊಟ್ಟಿ ಬಡೀತಾಳೇನ್ರಿ, ಸಾಹೇಬ್ರ?"

ಬಡಿಯದೆ ಏನು ಎಂದೆ.

"ಹಂಗಾದ್ರ ಇದು ಬ್ಯಾಡ್ರಿ. ಕುಂತು ಉಣ್ಣೋರ ಕೈಗಿ ಇದು ಛಂದ. ದುಡಿಯೋ ಕೈಗಿ ಸುತ್ತ ಬಂಗಾರದ ಅಂಚು ಇರಬೇಕು."

ಸುತ್ತಲೂ ಅಂಚು ಕಟ್ಟಿದರೆ ಕಲ್ಲು ಕುಸುಬಿ ಬೀಜದಂತೆ ಸಿಪ್ಪೆಯೊಳಗೆ ಕೂತಿರುತ್ತದೆ, ಉಗುರಾದರೆ ಸೀರೆಯ ಎಳೆ ಸಿಕ್ಕುತ್ತದೆ, ಅಡಿಯಲ್ಲಿ ಹಿಟ್ಟು ಸೇರುತ್ತದೆ ಎಂದು ವಿವರಿಸಿದರು. ನಾನು ಕೇಳಲಿಲ್ಲ. ಕೊನೆಗೆ ನಾಲ್ಕು ಉಗುರಿನದೇ ಮಾಡಿಕೊಟ್ಟರು. ಬಹಳ ಚೆಂದವಾಗಿತ್ತು. ಹೊಲಸು ಕೂತರೆ ಅಂಟುವಾಳದ ನೀರಿನಲ್ಲಿ ಅದ್ದಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಬೇಕು, ಸೂಜಿ ಮಾತ್ರ ಮುಟ್ಟಿಸಬಾರದು, ಉಗುರು ಸಡಿಲಾಗುತ್ತದೆ ಎಂದು ಎರಡು ಸಲ ಹೇಳಿದರು.

ಮದುವೆಯಾಯಿತು. ಅವರು ಹೇಳಿದಂತೆಯೇ ಕಲ್ಲಿನಡಿ ಜೋಳದ ಹಿಟ್ಟು ಸೇರತೊಡಗಿತು. ಬ್ರಶ್ಶಿಗೆ ಅದು ಪೂರ್ತಿ ಹೋಗುತ್ತಿರಲಿಲ್ಲ. ಒಂದು ಕಣ ಉಳಿದರೂ ಸಹಿಸುವವನಲ್ಲ ನಾನು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿಯ ಕೈಯಿಂದ ಉಂಗುರ ಬಿಚ್ಚಿಸಿಕೊಂಡು ಬಚ್ಚಲ ಹಾಸುಗಲ್ಲಿನ ಮೇಲೆ ಕೂತು, ಸೂಜಿಯಿಂದ ಕೆರೆದು ಸ್ವಚ್ಛಮಾಡುತ್ತಿದ್ದೆ. ಆರು ತಿಂಗಳಾಗಿರಬೇಕು. ಒಂದು ಸೋಮವಾರ ನೋಡಿದರೆ ಕಲ್ಲು ಇರಲಿಲ್ಲ.

ಸಿಟ್ಟಿನಲ್ಲಿ ಅಂಗಡಿಗೆ ಹೋದೆ. ಸಂತೆಯ ದಿನ, ಐದಾರು ಜನ ಕೂತಿದ್ದರು. ಬಂಗಾರ ಉಳಿಸಿಕೊಳ್ಳಲು ಉಗುರು ತೆಳ್ಳಗೆ ಮಾಡಿದ್ದೀರಿ ಎಂದು ಎಲ್ಲರೆದುರು ಹೇಳಿಬಿಟ್ಟೆ. ಪತ್ತಾರನಿಗೆ ಅದಕ್ಕಿಂತ ದೊಡ್ಡ ಅಪವಾದವಿಲ್ಲ. ಕಾಕಾ ಭೂತಗನ್ನಡಿ ಹಿಡಿದು ಉಂಗುರವನ್ನು ಬಹಳ ಹೊತ್ತು ತಿರುಗಿಸಿದರು. ಆಮೇಲೆ ನನಗಷ್ಟೇ ಕೇಳುವಂತೆ ಕೇಳಿದರು.

"ಸೂಜಿ ಹಾಕಿದ್ರೇನ್ರಿ?"

ಹಿಂದೆ ಕೂತವರು ಮುಂದೆ ಬಾಗಿದರು. "ಇಲ್ಲ" ಎಂದೆ, ಗಟ್ಟಿಯಾಗಿ.

ಉಗುರುಗಳ ಒಳಬದಿಯಲ್ಲಿ ಸೂಜಿಯ ಗೀರುಗಳಿದ್ದವು. ಆ ಕನ್ನಡಿಯನ್ನು ಪಕ್ಕದವರ ಕೈಗೆ ಕೊಟ್ಟಿದ್ದರೆ ಸಾಕಾಗಿತ್ತು. ಕೊಡಲಿಲ್ಲ. "ಹಂಗಾದ್ರ ನನ್ನ ಕೈಯೇ ತಪ್ಪಿರಬೇಕ್ರಿ" ಎಂದರು. ತಮ್ಮ ಡಬ್ಬಿಯಿಂದ ಬೇರೆ ಕೆಂಪುಕಲ್ಲು ತೆಗೆದು, ಸುತ್ತಲೂ ಅಂಚು ಕಟ್ಟಿ ಕೂಡಿಸಿಕೊಟ್ಟರು.

ಮಾತು ಪೇಟೆಯಲ್ಲಿ ಹರಡಿತು. ಕಲ್ಲಿನ ಕೆಲಸ ತರುವವರು ಕಡಿಮೆಯಾದರು. ವರ್ಷದೊಳಗೆ ಕಾಕಾ ಅಂಗಡಿ ಮುಚ್ಚಿ ಉದಗೀರಿನ ಮಗಳ ಮನೆಗೆ ಹೋದರು. ಆ ಊರು ಆಗಲೇ ಬೇರೆ ರಾಜ್ಯಕ್ಕೆ ಸೇರಿತ್ತು. ಸರಹದ್ದು ಬಂದು ಗಿರಾಕಿಗಳು ಹರಿದುಹಂಚಿ ಹೋದರು, ಅದಕ್ಕೇ ಹೋದ ಎಂದು ಜನ ಆಡಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ...

ಮೂರು ವರ್ಷದ ಮೇಲೆ ಬಚ್ಚಲ ಹಾಸುಗಲ್ಲು ಕಿತ್ತು ಹೊಸದು ಹಾಕಿಸುವಾಗ ಸಂದಿಯ ಮಣ್ಣಿನಲ್ಲಿ ಅವ್ವನ ಕೆಂಪುಕಲ್ಲು ಸಿಕ್ಕಿತು. ನಾನು ಕೂರುತ್ತಿದ್ದ ಜಾಗದಲ್ಲೇ. ಹೆಂಡತಿ ಅದನ್ನು ತೊಳೆದು ನನ್ನ ಅಂಗೈಯಲ್ಲಿಟ್ಟಳು.

"ಹೋಗಿ ಹೇಳಿ ಬರ್ರಿ. ಅವರಿಗಿ ಅಷ್ಟೇ ಅಲ್ಲ, ಈ ಪ್ಯಾಟಿ ಮಂದಿಗೂ ಹೇಳ್ರಿ."

ಭಾನುವಾರ ಹೋಗುತ್ತೇನೆ ಎಂದೆ. ಉದಗೀರಿನ ಬಸ್ಸಿನ ಸಮಯ ನನಗೆ ಬಾಯಿಪಾಠವಾಗಿತ್ತು. ಎಷ್ಟು ಭಾನುವಾರಗಳು ಹೋದವೋ. ಒಮ್ಮೆ ಆ ಕಡೆಯ ಕಾಳಿನ ವ್ಯಾಪಾರಿಯೊಬ್ಬ ಕಚೇರಿಗೆ ಬಂದವನು, ಪತ್ತಾರ ಕಾಕಾ ತೀರಿಕೊಂಡು ಎರಡು ತಿಂಗಳಾಯಿತು ಎಂದ. ಹೆಂಡತಿ ಮತ್ತೆ ಆ ಮಾತು ಎತ್ತಲಿಲ್ಲ. ಪೇಟೆಯವರಿಗೂ ನಾನು ಹೇಳಲಿಲ್ಲ. ಅವಳು ಮಾತ್ರ ಕಾಕಾನ ಕಲ್ಲಿನ ಆ ಉಂಗುರವನ್ನು ಕೊನೆಯ ದಿನದವರೆಗೂ ತೆಗೆಯಲಿಲ್ಲ. ಅಷ್ಟು ವರ್ಷದ ರೊಟ್ಟಿಗೂ ಆ ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಅಜ್ಜಾ, ಒಂದು ಸೂಜಿ ಕೊಡ್ರಿ. ಅಂಚಿನಾಗ ಹೊಲಸು ಕುಂತದ" ಎಂದಳು ಮೊಮ್ಮಗಳು.

ಸೂಜಿ ಬೇಡ ಎಂದೆ. ಯಾಕ ಎಂದು ಕೇಳಿದಳು. ಕಪಾಟಿನಿಂದ ಬೆಂಕಿಪೊಟ್ಟಣ ತಂದು, ಅದರಲ್ಲಿ ಇಟ್ಟಿದ್ದ ಅವ್ವನ ಕಲ್ಲನ್ನು ಅವಳೆದುರು ಇಟ್ಟೆ. ಇಷ್ಟು ವರ್ಷ ನನ್ನ ಬಾಯಿಂದ ಹೊರಡದ ಮಾತು ಆಗ ಹೊರಟಿತು.

"ಸೂಜಿ ಹಾಕಿದ್ದೆ ರೀ, ಕಾಕಾ."

"ಯಾರಿಗಿ ಹೇಳಲತ್ತೀರಿ, ಅಜ್ಜಾ?" ಎಂದು ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.